ಹರಿಕೇನ್ ಬಂದ್ ಹೋದ ಮ್ಯಾಲ ಆ ದ್ವೀಪಕ್ಕ ಹೋಗಬೇಕೋ ಬ್ಯಾಡೋ

ಯಾವುದರೆ ದ್ವೀಪಕ್ಕ ಹರಿಕೇನ್, ಅಂದ್ರ ಸಮುದ್ರದ ಭಾರೀ ಬಿರುಗಾಳಿ, ಬಡೀತು ಅಂದ್ರ ಟಿವಿಯಾಗ ಎರಡ್ ದಿನ ಅದ ವಿಡಿಯೋ ತಿರುಗಾ ತಿರುಗಾ ತೋರಸ್ತಾರ, ಡ್ರೋನ್ ಹಾರಿಸಿ ಮ್ಯಾಲಿಂದ ತಗದಿದ್ದು, ಹಾರಿ ಹೋದ ತಗಡು, ಅಡ್ಡ ಬಿದ್ದ ತೆಂಗಿನ ಗಿಡ, ದಂಡಿಗೆ ಬಂದು ಬೋರಲ ಬಿದ್ದ ಬೋಟು. ಮೂರನೇ ದಿನಕ್ಕ ಕ್ಯಾಮೆರಾದವ್ರು ಬ್ಯಾರೆ ಕಡೆ ಹೋಗ್ತಾರ, ಆದ್ರ ನೋಡಿದ ಮಂದಿ ತಲ್ಯಾಗ ಆ ದ್ವೀಪ ವರ್ಷಗಟ್ಲೆ ಹಂಗ ಮುರದು ಬಿದ್ದಂಗ ಉಳದಬಿಡ್ತೈತಿ. ಇದು ನಮ್ಮ ಕಡೆನೂ ಆಗೈತಿ. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರಿಗೆ ನೀರ್ ಹೊಕ್ಕಾಗ ಎಲ್ಲಾ ಚಾನೆಲ್‌ನ್ಯಾಗೂ ಕೊಣ್ಣೂರ ಸೇತುವೆನ ಇತ್ತು, ನೀರ್ ಇಳದ ಮ್ಯಾಲ ಮಂದಿ ಗ್ವಾಡಿ ಕಟ್ಟಿಕೊಂಡಿದ್ದು, ಕೆಸರಾದ ಹೊಲ ಮತ್ತ ಬಿತ್ತಾಕ ಬರೂ ಹಂಗ ಮಾಡಿದ್ದು ಯಾರೂ ತೋರಿಸ್ಲಿಲ್ಲ.

ನಾನು ಡೈವಿಂಗ್ ಹುಚ್ಚಿನಾಕಿ, ಅಂದ್ರ ಗಾಳಿ ಟ್ಯಾಂಕ್ ಹೊತ್ತು ಸಮುದ್ರದ ಆಳಕ್ಕ ಇಳಿಯೋ ಹುಚ್ಚು, ಧಾರವಾಡದಾಗ ಇದ್ದುಕೊಂಡು ಸಮುದ್ರದ ಹುಚ್ಚು ಹೆಂಗ ಹತ್ತಿತು ಅಂತ ಎಲ್ಲಾರೂ ಕೇಳ್ತಾರ, ಅದನ್ನ ಇನ್ನೊಮ್ಮೆ ಬರಿತೀನಿ. ಇವತ್ತು ಹೇಳೋದು ಕೊಜುಮೆಲ್ ಅನ್ನೋ ದ್ವೀಪದ ಬಗ್ಗೆ, ಯಾಕಂದ್ರ ಹರಿಕೇನ್ ಬಿದ್ದ ದ್ವೀಪ ಮತ್ತ ಎದ್ದು ನಿಂದ್ರೋದು ಅಂದ್ರ ಏನು ಅನ್ನೋದನ್ನ ನಾನು ಅಲ್ಲೇ ಕಣ್ಣಾರೆ ನೋಡೀನಿ. ಮತ್ತ ಈಗೀಗ ಹುಬ್ಬಳ್ಳಿ-ಧಾರವಾಡದ ಹುಡುಗ್ರೂ ಭಾಳ ಮಂದಿ ಡೈವಿಂಗ್ ಕಲಿಯಾಕತ್ಯಾರ, ಮುರುಡೇಶ್ವರಕ್ಕ ಹೋಗಿ ಅಲ್ಲಿನ ನೇತ್ರಾಣಿ ದ್ವೀಪದಾಗ ಒಂದ್ಸಲ ಇಳದು ಬಂದವ್ರು ಆಮ್ಯಾಲ ಅಂಡಮಾನ್, ಆಮ್ಯಾಲ ಅಮೆರಿಕಾದಾಗ ಅಣ್ಣನೋ ಅಕ್ಕನೋ ಇದ್ರ ಅಲ್ಲಿಂದ ಕೆರಿಬಿಯನ್ ಅಂತ ಪ್ಲಾನ್ ಹಾಕ್ತಾರ, ಅವ್ರಿಗೆ ಉಪಯೋಗ ಆದೀತು.

ಕೊಜುಮೆಲ್ ಇರೋದು ಮೆಕ್ಸಿಕೋದಾಗ, ಯುಕತಾನ್ ಪರ್ಯಾಯದ್ವೀಪದ ಪೂರ್ವಕ್ಕ, ಕಿಂತಾನಾ ರೋ ರಾಜ್ಯದಾಗ. ಉದ್ದ ಸುಮಾರು 48 ಕಿಲೋಮೀಟರ್, ಅಗಲ ಸುಮಾರು 16, ಪೂರಾ ಸುಣ್ಣದ ಕಲ್ಲು, ಗುಡ್ಡ ಇಲ್ಲ ಹೊಳಿ ಇಲ್ಲ. ಹೊಳಿ ಇಲ್ಲದ್ದಕ್ಕ ಸಮುದ್ರಕ್ಕ ಕೆಸರು ಹರಿಯೋದಿಲ್ಲ, ಅದಕ್ಕ ನೀರು ಅಷ್ಟ ನಿಚ್ಚಳ. ಪಶ್ಚಿಮದ ದಂಡಿಗುಂಟ ಹವಳದ ರೀಫ್, ಅಂದ್ರ ನೀರೊಳಗಿನ ಹವಳದ ದಿಬ್ಬ, ಅದಾವ, ಪಲಂಕಾರ್, ಕೊಲಂಬಿಯಾ, ಸಾಂತಾ ರೋಸಾ, ಪ್ಯಾರಡೈಸ್ ಅಂತ ಹೆಸರು, ಇವೆಲ್ಲಾ ಮೆಕ್ಸಿಕೋದಿಂದ ಬೆಲಿಜ್, ಗ್ವಾಟೆಮಾಲಾ, ಹೊಂಡುರಾಸ್ ತನಕ ಸುಮಾರು 1000 ಕಿಲೋಮೀಟರ್ ಹರಡಿರೋ ಮೆಸೊಅಮೆರಿಕನ್ ರೀಫ್‌ದ ಭಾಗ. 1996ರಾಗ ಇದನ್ನ ನ್ಯಾಷನಲ್ ಪಾರ್ಕ್ ಮಾಡ್ಯಾರ. ಇಲ್ಲಿ ಡೈವ್ ಮಾಡೋ ರೀತಿನೂ ಬ್ಯಾರೆ, ದಕ್ಷಿಣದಿಂದ ಉತ್ತರಕ್ಕ ನೀರಿನ ಸೆಳವು ಐತಿ, ನೀವು ಈಜೋ ಅವಶ್ಯಕತೆನ ಇಲ್ಲ, ಸುಮ್ನ ಮೈ ಬಿಟ್ರ ಸೆಳವು ನಿಮ್ಮನ್ನ ಗ್ವಾಡಿಗುಂಟ ಕರ್ಕೊಂಡ್ ಹೋಗ್ತೈತಿ, ಮ್ಯಾಲೆ ಬೋಟಿನವ ನಿಮ್ಮ ಗುಳ್ಳಿ ನೋಡ್ಕೋತ ಹಿಂದ ಬರ್ತಾನ. ಆ ಹವಳದ ಬಂಡೆಗಲ್ಲಿನ ಸಂದ್ಯಾಗ ಟೋಡ್‌ಫಿಶ್ ಅಂತ ಒಂದು ಮೀನ ಕುಂತಿರ್ತೈತಿ, ಚಪ್ಪಟ ಮಾರಿ, ಪಟ್ಟಿ ಪಟ್ಟಿ ಮೈ, ರೆಕ್ಕಿ ಅಂಚಿಗೆ ಹಳದಿ, ಗದ್ದಕ್ಕ ಗಡ್ಡ. ಕೊಜುಮೆಲ್ ಸುತ್ತಮುತ್ತ ಬಿಟ್ರ ಬ್ಯಾರೆ ಕಡೆ ಅದು ಕಾಣೋದ ಅಪರೂಪ. ಹೊರಗ ಬರೋದ ಇಲ್ಲ ಅದು, ಗೂಡಿನಾಗ ಕುಂತು ಗೊರ್ ಅಂತಿರ್ತೈತಿ, ಅದರ ದನಿ ಕೇಳಿನ ಹುಡುಕಬೇಕು.

2005 ಈ ದ್ವೀಪಕ್ಕ ಕೆಟ್ಟ ವರ್ಷ. ಜುಲೈದಾಗ ಎಮಿಲಿ ಅನ್ನೋ ಹರಿಕೇನ್ ಬಡದು ಹೋತು, ಅದರಿಂದ ಎದ್ದು ಸಾವರಿಸಿಕೊಳ್ಳೋದ್ರೊಳಗ ಅಕ್ಟೋಬರ್‌ದಾಗ ವಿಲ್ಮಾ ಬಂತು. ವಿಲ್ಮಾ ಸಾದಾ ಹರಿಕೇನ್ ಅಲ್ರೀ, ಅಕ್ಟೋಬರ್ 19ಕ್ಕ ಕೆರಿಬಿಯನ್ ಸಮುದ್ರದ ಮ್ಯಾಲ ಅದರ ನಡುವಿನ ಗಾಳಿ ಒತ್ತಡ 882 ಮಿಲಿಬಾರ್‌ಗೆ ಇಳದಿತ್ತು, ಒತ್ತಡ ಇಳದಷ್ಟು ಹರಿಕೇನ್ ಜೋರು, ಅಟ್ಲಾಂಟಿಕ್ ಕಡೆ ಅಷ್ಟು ಕಡಿಮಿ ಒತ್ತಡ ಮದ್ಲೂ ಅಳದಿಲ್ಲ, ಆಮ್ಯಾಲೂ ಅಳದಿಲ್ಲ. 21ನೇ ತಾರೀಖಿಗೆ ಕೊಜುಮೆಲ್ ಮ್ಯಾಲ ಬಂದಾಗ ಗಾಳಿ ತಾಸಿಗೆ 240 ಕಿಲೋಮೀಟರ್ ಆಸುಪಾಸು. ಆದ್ರ ಜೋರಿಗಿಂತ ಕೆಟ್ಟದ್ದು ಅದರ ನಡಿಗಿ, ಬಡದು ಹೋಗಬೇಕಾದ ಗಾಳಿ ಅಲ್ಲೇ ಆಸುಪಾಸು ಒಂದು ದಿನಕ್ಕಿಂತ ಹೆಚ್ಚು ತೆವಳಿತು. ಬಾಜೂದ ಇಸ್ಲಾ ಮುಹೇರೆಸ್ ದ್ವೀಪದಾಗ 24 ತಾಸಿನಾಗ 1600 ಮಿಲಿಮೀಟರ್‌ಗಿಂತ ಹೆಚ್ಚು ಮಳಿ ಸುರೀತು, ಧಾರವಾಡದಾಗ ಇಡೀ ವರ್ಷ ಬೀಳೋದರ ಸುಮಾರು ಎರಡು ಪಟ್ಟು, ಒಂದ ದಿನದಾಗ.

ಇಲ್ಲೊಂದು ತಿಳ್ಕೊಳ್ಳೋ ವಿಷಯ ಐತಿ. ಕೊಜುಮೆಲ್‌ಗೆ ವರ್ಷಪೂರ್ತಿ ಗಾಳಿ ಪೂರ್ವದಿಂದ ಬರ್ತೈತಿ, ಹಿಂಗಾಗಿ ಪೂರ್ವದ ದಂಡಿ ಒರಟು, ಅಲ್ಲಿ ಮಂದಿ ಇರೋದ ಕಡಿಮಿ, ಊರು, ಹೋಟೆಲ್, ರೀಫ್ ಎಲ್ಲಾ ಪಶ್ಚಿಮದ ಮರಿಯಾಗ. ಪಶ್ಚಿಮದ ಹವಳ ಸಾವಿರಾರು ವರ್ಷ ಶಾಂತ ನೀರಿನಾಗ ಬೆಳದಾವ, ದೊಡ್ಡ ತೆರಿ ಅಂದ್ರ ಗೊತ್ತ ಇಲ್ಲ ಅವಕ್ಕ. ಹರಿಕೇನ್ ಗಾಳಿ ಸುತ್ತಾಕೋತ ಬರ್ತೈತಿ, ನಡುವಿನ ಕಣ್ಣು ದಾಟಿದ ಮ್ಯಾಲ ಗಾಳಿ ದಿಕ್ಕ ತಿರುಗ್ತೈತಿ, ಹಂಗ ತಿರುಗಿದಾಗ ಈ ಮರಿಯಾಗ ಇದ್ದದ್ದಕ್ಕೂ ನೇರ ತೆರಿ ಹೊಡೀತು, ಅದೂ ತಾಸುಗಟ್ಲೆ. ನೀರು ತಳ ಕಾಣೋ ಅಷ್ಟು ತೆಳ್ಳಗ ಇರೋ ಕಡೆ ಇದ್ದ ಹವಳ, ಬೀಸಣಿಗಿ ಹಂಗ ಹರಡೋ ಸೀ ಫ್ಯಾನ್, ಸ್ಪಂಜು ಎಲ್ಲಾ ಬುಡ ಸಮೇತ ಕಿತ್ತು ಹೋದ್ವು.

ನಾನು ಆವಾಗ ಹ್ಯೂಸ್ಟನ್‌ನ್ಯಾಗ ಪ್ರಾಜೆಕ್ಟ್ ಮ್ಯಾಲ ಇದ್ದೆ, 2006ರಾಗ, ವಿಲ್ಮಾ ಹೋಗಿ ಇನ್ನೂ ವರ್ಷ ತುಂಬಿರ್ಲಿಲ್ಲ, ಟಿಕೆಟ್ ಸೋವಿ ಸಿಕ್ಕಿತ್ತು ಯಾಕಂದ್ರ ಯಾರೂ ಹೋಗವಲ್ರಾಗಿದ್ರು. ಆಫೀಸಿನಾಗ ಎಲ್ಲಾರೂ ಅಲ್ಲೇನೈತಿ ಈಗ ಅಂದ್ರು. ಊರಿಗೆ ಫೋನ್ ಮಾಡಿದ್ರ ಅವ್ವನೂ ಅದ ಅಂದ್ಲು, ಬಿದ್ದ ಊರಿಗೆ ಯಾಕ ಹೋಗ್ತೀ, ಅವ್ರ ತ್ರಾಸ ಅವ್ರಿಗೆ ಇರ್ತೈತಿ, ನಿಂದೊಂದು ಹೆಚ್ಚಿಂದು ಅಂತ.

ಹೋಗಿ ನೋಡಿದ್ರ ಆ ದ್ವೀಪದ ಸಾನ್ ಮಿಗೆಲ್ ಊರು ಕೆಲಸದಾಗ ಇತ್ತು. ಎಲ್ಲಿ ನೋಡಿದ್ರೂ ಸಿಮೆಂಟು, ಬಣ್ಣ, ಬಡಗೇರ ಗರಗಸದ ಸಪ್ಪಳ. ದೊಡ್ಡ ಕ್ರೂಸ್ ಹಡಗು ನಿಂದ್ರೋ ಕಟ್ಟೆ ಮುರದಿದ್ವು, ಹಡಗು ದೂರ ನಿಂತು ಸಣ್ಣ ಬೋಟಿನಾಗ ಮಂದಿನ ದಂಡಿಗೆ ತರ್ತಿದ್ರು. ಪುವೆರ್ತಾ ಮಾಯಾ ಅನ್ನೋ ಕಟ್ಟೆ ಮತ್ತ ಶುರು ಆಗಿದ್ದು 2008ರಾಗ, ಅಂದ್ರ ಒಂದು ಕಟ್ಟೆ ಕಟ್ಟಾಕ ಮೂರು ವರ್ಷ. ಆದ್ರ ಡೈವ್ ಅಂಗಡಿಗೆ ಕಟ್ಟೆ ಬೇಕಾಗಿಲ್ಲ, ಒಂದು ಬೋಟು, ಟ್ಯಾಂಕಿಗೆ ಗಾಳಿ ತುಂಬೋ ಒಂದು ಕಂಪ್ರೆಸರ್, ನಾಕು ಮಂದಿ ಇದ್ರ ಸಾಕು. ಹಿಂಗಾಗಿ ಮದ್ಲ ಎದ್ದು ನಿಂತವ್ರು ಅವ್ರ. ನಮ್ಮನ್ನ ನೀರೊಳಗ ಕರ್ಕೊಂಡ್ ಹೋಗೋ ಡೈವ್‌ಮಾಸ್ಟರ್ ಹೇಳಿದ್ದು ಇನ್ನೂ ನೆನಪೈತಿ, ಹರಿಕೇನ್ ಮನಿ ತಗಡು ಒಯ್ತು, ಅದನ್ನ ಒಂದ್ ವಾರದಾಗ ಹಾಕ್ಕೊಂಡ್ವಿ, ಆಮ್ಯಾಲ ಬುಕಿಂಗ್ ಇಲ್ಲದ ತಿಂಗಳುಗಟ್ಲೆ ಕುಂತ್ವಿ, ಅದ ಹೆಚ್ಚ ತ್ರಾಸ ಆತು ಅಂತ. ಅವನಿಗೆ ಪಗಾರ ಅನ್ನೋದು ಇಲ್ಲ, ಡೈವ್ ಆದ್ರ ರೊಕ್ಕ, ಟಿಪ್ಸ್ ಬಂದ್ರ ಮನಿ ನಡೀತೈತಿ. ಬೋಟ್ ನಡ್ಸಾಂವ, ಟ್ಯಾಂಕ್ ತುಂಬೋ ಹುಡುಗ, ಎರಡ್ ಡೈವ್ ನಡುವ ತಿನ್ನಾಕ ಹಣ್ಣು ಹೆಚ್ಚಿ ಕಳಿಸೋ ಹೆಣ್ಮಗಳು, ಎಲ್ಲಾರದೂ ಹಂಗ.

ನೀರಾಗ ಇಳದ ಮ್ಯಾಲ ನನಗ ಮದ್ಲ ಕಂಡದ್ದು ಉಸುಕು. ಪ್ಯಾರಡೈಸ್ ರೀಫ್ ಮ್ಯಾಲ ಹಿಟ್ಟಿನ ಗಿರಣಿಯಾಗ ಎಲ್ಲಾದರ ಮ್ಯಾಲೂ ಹಿಟ್ಟು ಕುಂತಿರ್ತೈತಲ್ಲ ಹಂಗ ಬಿಳಿ ಉಸುಕು ಕುಂತಿತ್ತು, ಸ್ಪಂಜು ಇದ್ದ ಜಾಗದಾಗ ಬರೇ ಮೋಟು, ಸೀ ಫ್ಯಾನ್ ಅಂತೂ ಎಣಿಸಿದಷ್ಟು. ಅಲ್ಲೇ ಒಂದು ಬಂಡಿ ಕೆಳಗ ಟೋಡ್‌ಫಿಶ್ ಗೊರ್ ಅನ್ನಾಕತ್ತಿತ್ತು. ಮಾರನೇ ದಿನ ಪಲಂಕಾರ್‌ಗೆ ಹೋದ್ವಿ, 25 ಮೀಟರ್ ಆಳದಾಗ, ಅಲ್ಲೆ ನೋಡಿದ್ರ ಹರಿಕೇನ್ ಬಂದ ಸುದ್ದಿನ ಇಲ್ಲ, ದೊಡ್ಡ ದೊಡ್ಡ ಹವಳದ ಕಂಬ, ನಡುವ ಗವಿ, ಗವಿಯಿಂದ ಹೊರಗ ಬಂದ್ರ ಕಡು ನೀಲಿ. ತೆರಿ ಜೋರು ಆಳಕ್ಕ ಹೋದಂಗ ಕಡಿಮಿ ಆಗ್ತೈತಿ, ಅದಕ್ಕ ಮ್ಯಾಲಿನ ರೀಫ್ ಪೆಟ್ಟು ತಿಂದ್ರೂ ಆಳದ ಗ್ವಾಡಿ ಭಾಳ ಮಟ್ಟಿಗೆ ಉಳದಿತ್ತು. ಆಮ್ಯಾಲ ವಿಜ್ಞಾನಿಗಳು ಅಳದು ನೋಡಿದಾಗಲೂ ಎಮಿಲಿ ವಿಲ್ಮಾ ಎರಡೂ ಸೇರಿ ಹವಳದ ಪ್ರಮಾಣ ಜೋರ ಇಳಿಸಿದ್ದು ಕಂಡೈತಿ, ಹಂಗಂತ ಎಲ್ಲಾ ಹೋತು ಅನ್ನೋದೂ ಸುಳ್ಳು. ಡ್ರೋನ್ ವಿಡಿಯೋದಾಗ ಈ ಎರಡರಾಗ ಒಂದೂ ಕಾಣೋದಿಲ್ಲ.

ಹವಳ ಅಂದ್ರ ಕಲ್ಲಲ್ಲ, ಜೀವ. ಸಣ್ಣ ಸಣ್ಣ ಪ್ರಾಣಿ ಕೂಡಿ ಸುಣ್ಣದ ಮನಿ ಕಟ್ಕೊಂಡು ಬೆಳಿತಾವ. ಗುಂಡಗ ಬಂಡಿ ಹಂಗ ಬೆಳಿಯೋ ಹವಳ ವರ್ಷಕ್ಕ ಒಂದು ಸೆಂಟಿಮೀಟರ್ ಬೆಳದ್ರ ಹೆಚ್ಚು, ಅದು ಮಗುಚಿ ಬಿದ್ರ ಹೋದದ್ದು ನೂರು ವರ್ಷದ ಬೆಳಿ ಆಗಿರಬಹುದು. ಕವಲೊಡೆದು ಬೆಳಿಯೋ ಸ್ಟ್ಯಾಗ್‌ಹಾರ್ನ್ ಅಂತ ಇನ್ನೊಂದು ಜಾತಿ ಐತಿ, ಅದು ವರ್ಷಕ್ಕ 10 ಸೆಂಟಿಮೀಟರ್ ಮ್ಯಾಲ ಬೆಳಿತೈತಿ, ಮತ್ತ ಮುರದ ತುಂಡು ಗಟ್ಟಿ ನೆಲದಾಗ ಸಿಕ್ಕಿ ಹಾಕ್ಕೊಂಡ್ರ ಅಲ್ಲೇ ಅಂಟಿ ಹೊಸಾದಾಗಿ ಚಿಗೀತೈತಿ. ಅಂದ್ರ ಬಿರುಗಾಳಿ ಅದರ ಪಾಲಿಗೆ ಬರೇ ಸಾವಲ್ಲ, ಹರಡೋ ದಾರಿನೂ ಹೌದು. ಆದ್ರ ತುಂಡು ಉಸುಕಿನ್ಯಾಗ ಉಳ್ಳಾಡಿದ್ರ ಸಾಯ್ತೈತಿ, ಅದಕ್ಕ ಗಾಳಿ ನಿಂತ ಮ್ಯಾಲಿನ ಮದಲ ಕೆಲವು ವಾರ ಭಾಳ ಮುಖ್ಯ, ಯಾರರೆ ಇಳದು ಬಿದ್ದದ್ದನ್ನ ಎತ್ತಿ ನಿಲ್ಲಿಸಿದ್ರ ಉಳೀತೈತಿ. ಇನ್ನೊಂದು ಅಂದ್ರ ಹರಿಕೇನ್ ಸಮುದ್ರದ ಕೆಳಗಿನ ತಂಪು ನೀರು ಮ್ಯಾಲ ತಂದು ಕದಡ್ತೈತಿ, ಬ್ಯಾಸಿಗಿ ಕಾವಿಗೆ ಬೆಳ್ಳಗಾಗಾಕತ್ತಿದ್ದ ಹವಳಕ್ಕ ಆ ತಂಪಿನಿಂದ ಆರಾಮ ಆಗೋದೂ ಐತಿ, ಗಾಳಿ ನೇರ ಮ್ಯಾಲ ಬರದ ಬಾಜೂಕ ಹಾದು ಹೋದ್ರ.

ಜಾಗ ಖಾಲಿ ಆದ ಕೂಡ್ಲೆ ಪಾಚಿ ಬರ್ತೈತಿ. ಪಾಚಿ ಕುಂತ ಕಲ್ಲಿನ ಮ್ಯಾಲ ಹವಳದ ಮರಿ ಅಂಟಾಕ ಆಗೂದಿಲ್ಲ. ಪಾಚಿ ತಿನ್ನೋದು ಪ್ಯಾರಟ್‌ಫಿಶ್ ಮತ್ತ ಉದ್ದ ಕರಿ ಮುಳ್ಳಿನ ಸೀ ಅರ್ಚಿನ್. 1983-84ರಾಗ ಒಂದು ರೋಗ ಬಂದು ಕೆರಿಬಿಯನ್ ತುಂಬ ಈ ಅರ್ಚಿನ್ ಸತ್ತು ಹೋದ್ವು, ಇವತ್ತಿಗೂ ಮದಲಿನಂಗ ಆಗಿಲ್ಲ, ಹಿಂಗಾಗಿ ಈಗ ಭಾರ ಎಲ್ಲಾ ಪ್ಯಾರಟ್‌ಫಿಶ್ ಮ್ಯಾಲ. ಆ ಮೀನ ಹಿಡಿಯೋ ಕಡೆ ಹರಿಕೇನ್ ಬಿದ್ರ ರೀಫ್ ಏಳೋದು ನಿಧಾನ. ನೀವು ಅಲ್ಲಿ ಹೋದಾಗ ಹೋಟೆಲ್ ಮೆನುದಾಗ ಪ್ಯಾರಟ್‌ಫಿಶ್ ಇದ್ರ ತಿನ್ನಬ್ಯಾಡ್ರಿ, ಕೈ ಮುಗದು ಕೇಳ್ಕೋತೀನಿ.

ನಾನು ಮತ್ತ ಕೊಜುಮೆಲ್‌ಗೆ ಹೋದದ್ದು 2020ರ ಶುರುವಿಗೆ, ಕೊರೊನಾ ಬಂದು ಎಲ್ಲಾ ಮುಚ್ಚೋದಕ್ಕ ಸ್ವಲ್ಪ ಮದ್ಲ. ಪ್ಯಾರಡೈಸ್‌ದಾಗ ಸ್ಪಂಜು ಮತ್ತ ಬಂದಿದ್ವು, ಸೀ ಫ್ಯಾನ್ ಬಂದಿದ್ವು, ಮೀನಂತೂ ಕೇಳಬ್ಯಾಡ್ರಿ. ವಿಲ್ಮಾ ಕಿತ್ತಿದ್ದರಾಗ ಲಗೂನ ಬೆಳಿಯೋದೆಲ್ಲಾ ಮತ್ತ ನಿಂತಿತ್ತು, ಅದನ್ನ ನೋಡಿ ಎಷ್ಟು ಖುಷಿ ಆತು ಅಂದ್ರ ಉಸಿರಾಡೋ ರೆಗ್ಯುಲೇಟರ್ ಬಾಯಾಗ ಇಟ್ಕೊಂಡ ನಕ್ಕೆ, ಮಾಸ್ಕ್‌ನ್ಯಾಗ ನೀರ್ ಬಂತು. ಆದ್ರ ಅದರ ಬಾಜೂಕ ದೊಡ್ಡ ದೊಡ್ಡ ಗುಂಡು ಹವಳ ಬೆಳ್ಳಗ ಸತ್ತು ನಿಂತಿದ್ವು. ಅದು ಗಾಳಿ ಕೆಲಸ ಅಲ್ಲ. ಸ್ಟೋನಿ ಕೋರಲ್ ಟಿಶ್ಯೂ ಲಾಸ್ ಅಂತ ರೋಗ, 2014ರಾಗ ಫ್ಲಾರಿಡಾದಾಗ ಕಂಡಿತ್ತು, 2018ರಾಗ ಮೆಕ್ಸಿಕೋದ ಕೆರಿಬಿಯನ್ ದಂಡಿಗೆ ಬಂತು. ಹವಳದ ಮ್ಯಾಲಿನ ಜೀವದ ಪದರ ವಾರಗಟ್ಲೆನ್ಯಾಗ ಕಳಚಿ ಹೋಗ್ತೈತಿ, ವಿಲ್ಮಾದಂಥಾ ಗಾಳಿಗೂ ಅಲುಗದ ನಿಂತದ್ದು ಹಂಗ ಹೋತು. 2019ರ ಅಕ್ಟೋಬರ್‌ದಾಗ ಪಾರ್ಕಿನವ್ರು ಪಲಂಕಾರ್, ಕೊಲಂಬಿಯಾ ಇರೋ ದಕ್ಷಿಣದ ಭಾಗನ ಕೆಲವು ಕಾಲ ಟೂರಿಸ್ಟ್‌ಗೆ ಬಂದ್ ಮಾಡಿದ್ರು. ಡೈವ್ ಅಂಗಡಿಯವ್ರಿಗೆ ತ್ರಾಸ ಆತು, ಆದ್ರೂ ನನ್ನ ಪ್ರಕಾರ ಅದು ಸರಿ ನಿರ್ಧಾರನ. ಹರಿಕೇನ್ ಕೆರಿಬಿಯನ್‌ಕ್ಕ ಹೊಸಾದಲ್ಲ, ರೀಫ್ ಅದನ್ನ ಸಾವಿರಾರು ವರ್ಷದಿಂದ ತಿಂದು ಮತ್ತ ಎದ್ದೈತಿ. ಏಳಾಕ ಆಗದಂಗ ಮಾಡೋದು ಎರಡು ಗಾಳಿ ನಡುವ ನಾವು ಮಾಡೋದು, ಕಾದ ನೀರು, ಸಮುದ್ರಕ್ಕ ಬಿಟ್ಟ ಗಟಾರ, ಲೆಕ್ಕ ಇಲ್ಲದ ಹಡಗು. ಹೋಟೆಲ್ ಮತ್ತ ಕಟ್ಟಿದ್ವಿ, ಕಟ್ಟೆ ಮದಲಿಗಿಂತ ದೊಡ್ಡದು ಮಾಡಿದ್ವಿ ಅಂತ ಅಂದ್ರ ದ್ವೀಪ ಚೇತರಿಸಿಕೊಂಡಂಗ ಅಲ್ಲ, ಈ ಮಾತಿಗೆ ಯಾರು ಜಗಳಾಡಿದ್ರೂ ನಾ ತಯಾರ.

ಹಾವೇರಿ ಗದಗ ಕಡೆಯವ್ರಿಗೆ ಆಸಕ್ತಿ ಆಗೋ ಒಂದು ವಿಷಯ ಹೇಳ್ತೀನಿ. ಆ ಕಿಂತಾನಾ ರೋ ರಾಜ್ಯದಾಗ ರೀಫ್‌ಗೆ ಇನ್ಶೂರೆನ್ಸ್ ಮಾಡ್ಸ್ಯಾರ. ಖರೆನ. ರಾಜ್ಯ ಸರ್ಕಾರ ಮತ್ತ ದಿ ನೇಚರ್ ಕನ್ಸರ್ವೆನ್ಸಿ ಅನ್ನೋ ಪರಿಸರ ಸಂಸ್ಥೆ ಕೂಡಿ 2018ರಾಗ ಒಂದು ಟ್ರಸ್ಟ್ ಮಾಡಿದ್ರು, 2019ರಾಗ ಪಾಲಿಸಿ ತಗೊಂಡ್ರು. ನಮ್ಮ ಫಸಲ್ ಬಿಮಾದಾಗ ಏನ್ ಮಾಡ್ತಾರ, ಪಂಚಾಯ್ತಿಗೆ ಇಷ್ಟು ಹೊಲ ಅಂತ ಆರಿಸಿ ಬೆಳಿ ಕಟಾವು ಪ್ರಯೋಗ ಮಾಡಿ, ಇಳುವರಿ ಲೆಕ್ಕ ಹಾಕಿ, ಆಮ್ಯಾಲ ರೊಕ್ಕ, ಅದು ಬರೋದ್ರೊಳಗ ಮುಂದಿನ ಬಿತ್ತಿಗಿ ಬಂದಿರ್ತೈತಿ ಅಂತ ರೈತರು ಅನ್ನೋದು ನೀವೂ ಕೇಳೀರಿ. ಹಾನಗಲ್ ಕಡೆ ಮಾವು ಅಡಿಕಿ ಬೆಳಿಯೋವ್ರಿಗೆ ಹವಾಮಾನ ಆಧಾರಿತ ವಿಮೆ ಗೊತ್ತಿರ್ತೈತಿ, ಅಲ್ಲಿ ಹೊಲ ನೋಡೋದಿಲ್ಲ, ಮಳಿ ಮಾಪಕ ಏನ್ ಹೇಳ್ತೈತಿ ಅದ ಲೆಕ್ಕ. ರೀಫ್ ಪಾಲಿಸಿನೂ ಆ ನಮೂನಿದು. ಗೊತ್ತು ಮಾಡಿದ ಗಡಿಯೊಳಗ ಗಾಳಿ 100 ನಾಟ್, ಅಂದ್ರ ತಾಸಿಗೆ ಸುಮಾರು 185 ಕಿಲೋಮೀಟರ್ ದಾಟಿತು ಅಂದ್ರ ಸರ್ವೇ ಇಲ್ಲದ ರೊಕ್ಕ ಬರಬೇಕು ಅಂತ ಆ ಪಾಲಿಸಿಯಾಗ ಇತ್ತು. 2020ರ ಅಕ್ಟೋಬರ್‌ದಾಗ ಡೆಲ್ಟಾ ಹರಿಕೇನ್ ಬಂದಾಗ ಸುಮಾರು ಎಂಟೂವರಿ ಲಕ್ಷ ಡಾಲರ್ ಬಂತು. ಅದಕ್ಕೂ ಮದ್ಲ ಅದ ರಾಜ್ಯದ ಪುವೆರ್ತೊ ಮೊರೆಲೊಸ್ ಕಡೆ ಡೈವರ್‌ಗಳು, ಮೀನುಗಾರರು, ಪಾರ್ಕಿನವ್ರನ್ನ ಕೂಡಿಸಿ ತರಬೇತಿ ಕೊಟ್ಟು ಬ್ರಿಗೇಡ್ ಅಂತ ಮಾಡಿ ಇಟ್ಟಿದ್ರು, ಅವ್ರು ನೀರಿಗಿಳದು ಮಗುಚಿದ ಹವಳ ನೆಟ್ಟಗ ಮಾಡಿ, ಮುರದ ತುಂಡು ಹೆಕ್ಕಿ ಸಿಮೆಂಟ್ ಹಾಕಿ ಕೂಡ್ರಿಸಿದ್ರು. ಮದಲ ಕೆಲವು ವಾರ ಅಂತ ಮ್ಯಾಲೆ ಹೇಳಿದ್ನಲ್ಲ, ಆ ವಾರದೊಳಗ ಕೈಯಾಗ ರೊಕ್ಕ ಮತ್ತ ಕಲಿತ ಮಂದಿ ಎರಡೂ ಇರಬೇಕು, ಅದಕ್ಕ ಈ ವ್ಯವಸ್ಥಾ. ನನಗಂತೂ ಹರಿಕೇನ್ ವಿಷಯದಾಗ ಓದಿದ್ದರಾಗ ಇದರಷ್ಟು ಧೈರ್ಯ ಕೊಟ್ಟಿದ್ದು ಇನ್ನೊಂದಿಲ್ಲ.

ಇನ್ನ ಹೋಗಬೇಕೋ ಬ್ಯಾಡೋ. ಮೊನ್ನೆ ನಮ್ಮ ಓಣಿ ಹುಡುಗ ಒಬ್ಬ ಬಂದಿದ್ದ, ಡಲ್ಲಾಸ್‌ನ್ಯಾಗ ಅವನ ಅಕ್ಕ ಇದ್ದಾಳ, ಮೌಶಿ ಅಕ್ಟೋಬರ್‌ಗೆ ಬುಕ್ ಮಾಡ್ಲೇನು, ರೇಟ್ ಕಡಿಮಿ ಐತಿ ಅಂದ. ಕಡಿಮಿ ಇರೋದ ಯಾಕಂದ್ರ ಜೂನ್‌ದಿಂದ ನವೆಂಬರ್ ತನಕ ಹರಿಕೇನ್ ಸೀಸನ್ನು, ಅದರಾಗ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯ ತನಕ ಜೋರು. ಹೋಗು, ಆದ್ರ ಟ್ರಾವೆಲ್ ಇನ್ಶೂರೆನ್ಸ್ ಟಿಕೆಟ್ ತಗೊಂಡ ದಿನನ ತಗೋ ಅಂದೆ, ಬಿರುಗಾಳಿಗೆ ಒಮ್ಮೆ ಹೆಸರಿಟ್ರು ಅಂದ್ರ ಆ ಗಾಳಿಗೆ ಆಮ್ಯಾಲ ಪಾಲಿಸಿ ತಗೊಂಡು ಉಪಯೋಗ ಇಲ್ಲ.

ಗಾಳಿ ಬಿದ್ದು ಹೋದ ದ್ವೀಪಕ್ಕ ಹೋಗೋದಾದ್ರ ಕರೆಂಟು, ನೀರು, ದವಾಖಾನಿ ನಡಿಯಾಕತ್ಯಾವ ಅಂತ ಖಾತ್ರಿ ಆದ ಮ್ಯಾಲ ಹೋಗ್ರಿ, ಅದಕ್ಕೂ ಮದ್ಲ ಹೋದ್ರ ಅವ್ರ ಪಾಲಿನ ನೀರು ನೀವು ಕುಡದಂಗ. ಡೈವ್ ಅಂಗಡಿಗೆ ನೇರ ಮೇಲ್ ಹಾಕಿ ಯಾವ ರೀಫ್ ಚಲೋ ಐತಿ, ಯಾವುದಕ್ಕ ಕರ್ಕೊಂಡ್ ಹೋಗವಲ್ರಿ ಅಂತ ಕೇಳ್ರಿ, ಎಲ್ಲಾ ಮದಲಿನಂಗ ಐತಿ ಅಂತ ಹೇಳೋವ್ರನ್ನ ಬಿಟ್ಟು ಇಂಥಲ್ಲಿ ಮುರದೈತಿ ಅಂತ ಬಿಡಿಸಿ ಹೇಳೋವ್ರನ್ನ ಹಿಡೀರಿ. ಆಳದಿಂದ ಲಗೂನ ಮ್ಯಾಲ ಬಂದು ಮೈಯಾಗ ಗುಳ್ಳಿ ಎದ್ದವ್ರಿಗೆ ಉಪಚಾರ ಮಾಡೋ ಡಿಕಂಪ್ರೆಷನ್ ಚೇಂಬರ್ ಚಾಲು ಐತೇನು ಅಂತ ಕೇಳ್ರಿ. ಮತ್ತ ಕಂಪ್ರೆಸರ್ ಬಗ್ಗೆ ಕೇಳೇ ಕೇಳ್ರಿ, ಇದನ್ನ ಭಾಳ ಮಂದಿ ಕೇಳೋದಿಲ್ಲ. ಕರೆಂಟ್ ಹೋದ ಊರಾಗ ಜನರೇಟರ್ ಹಚ್ಚಿ ಟ್ಯಾಂಕ್ ತುಂಬ್ತಾರ, ಆ ಜನರೇಟರ್ ಹೊಗಿ ಕಂಪ್ರೆಸರ್ ಗಾಳಿ ಎಳ್ಕೊಳ್ಳೋ ಕಡೆ ಬಂತು ಅಂದ್ರ ಟ್ಯಾಂಕಿನ್ಯಾಗ ಕಾರ್ಬನ್ ಮೊನಾಕ್ಸೈಡ್ ಸೇರ್ತೈತಿ, ಅದಕ್ಕ ವಾಸನಿ ಇಲ್ಲ, ನೀರಿನ ಒತ್ತಡದಾಗ ಅದರ ವಿಷ ಇನ್ನೂ ಹೆಚ್ಚು. ಈ ಕಾರ್ಬನ್ ಮೊನಾಕ್ಸೈಡ್ ಅಳಿಯೋ, ಕೈಯಾಗ ಹಿಡಿಯೋ ಸಣ್ಣ ಸಿಓ ಮೀಟರ್ ಸಿಗ್ತಾವ, ಒಯ್ಯಿರಿ, ಟ್ಯಾಂಕಿನ ಬಾಯಿಗೆ ಹಿಡದು ನೋಡ್ರಿ, ಅಂಗಡಿಯವ್ರು ಸಿಟ್ಟಾಗೋದಿಲ್ಲ, ಸಿಟ್ಟಾದ್ರ ಬ್ಯಾರೆ ಅಂಗಡಿ ನೋಡ್ಕೊಳ್ರಿ.

ಕೊಜುಮೆಲ್ ಪಾರ್ಕಿನಾಗ ಗ್ಲೌಸ್ ಹಾಕ್ಕೊಳ್ಳಾಕ ಬಿಡೋದಿಲ್ಲ, ಗ್ಲೌಸ್ ಇದ್ರ ಮಂದಿ ಹವಳ ಹಿಡಿತಾರ ಅಂತ. ಪೆಟ್ಟು ತಿಂದ ರೀಫ್ ಮ್ಯಾಲ ಕಾಲಿಗೆ ಹಾಕೋ ಫಿನ್ ತಾಗಿದ್ರೂ ಉಸುಕು ಎದ್ದು ಹೊಸಾ ಮರಿ ಮ್ಯಾಲ ಕುಂದರ್ತೈತಿ, ಹಿಂಗಾಗಿ ಬಯನ್ಸಿ ಕಂಟ್ರೋಲ್, ಅಂದ್ರ ನೀರಾಗ ಮುಳಗದ ಏಳದ ಒಂದ ಮಟ್ಟಕ್ಕ ತೇಲೋದು, ಸರಿ ಇಲ್ಲ ಅಂದ್ರ ಮದ್ಲ ನೇತ್ರಾಣಿಯಾಗ ಪ್ರ್ಯಾಕ್ಟೀಸ್ ಮಾಡ್ರಿ. ಮಳಿಗಾಲದಾಗ ಅಲ್ಲಿ ಡೈವಿಂಗ್ ಬಂದ್ ಇರ್ತೈತಿ, ಸಾಮಾನ್ಯ ಅಕ್ಟೋಬರ್‌ಗೆ ಶುರು ಮಾಡ್ತಾರ, ಸಮುದ್ರ ತಿಳಿ ಆಗೋದು ಡಿಸೆಂಬರ್ ಹೊತ್ತಿಗೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಕುಂತ್ರ ಬೆಳಿಗ್ಗೆ ಬೋಟಿಗೆ ಸಿಗ್ತೈತಿ. ಮತ್ತ ಅಲ್ಲಿ ಇರಲಿ ಇಲ್ಲಿ ಇರಲಿ, ಟಿಪ್ಸ್ ಅಂಗಡಿ ಕೌಂಟರ್‌ನ್ಯಾಗ ಕೊಡಬ್ಯಾಡ್ರಿ, ಡೈವ್‌ಮಾಸ್ಟರ್‌ಗೆ, ಬೋಟಿನವಂಗ, ಟ್ಯಾಂಕ್ ಹೊತ್ತ ಹುಡುಗ್ಗ ಬ್ಯಾರೆ ಬ್ಯಾರೆ ಕೈಯಾಗ ಕೊಡ್ರಿ, ಗಾಳಿ ಬಂದು ಹೋದ ವರ್ಷ ಎರಡು ಪಟ್ಟು ಕೊಡ್ರಿ.